ನಕ್ಷೆಯ ಮೇಲೆ ನಿಮ್ಮ ಊರಿನ ಚುಕ್ಕಿ ಏಕಿಲ್ಲ?

ಆರಿದ್ರಾ ಮಳೆ ಹಿಡಿದ ವಾರ. ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆಯಲ್ಲಿರುವ ಮಗ ಫೋನು ಮಾಡುತ್ತಾನೆ. "ಅಪ್ಪಾ, ಇಲ್ಲಿ ಡೆಂಗಿ ಜಾಸ್ತಿಯಾಗಿದೆ. ನಕ್ಷೆಯಲ್ಲಿ ನಮ್ಮ ಏರಿಯಾ ಪೂರಾ ಕೆಂಪು ಮಾಡಿದ್ದಾರೆ. ನಾಲ್ಕು ದಿನ ಊರಿಗೆ ಬಂದುಬಿಡ್ತೀನಿ. ಅಲ್ಲೇನೂ ಇಲ್ಲವಲ್ಲ." ನೀವೂ ಸಂತೋಷದಿಂದ "ಬಾರಪ್ಪ" ಎನ್ನುತ್ತೀರಿ. ಮನೆಯಲ್ಲಿ ಕೋಳಿ ಸಾರಿನ ಏರ್ಪಾಡಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಊರಿನಲ್ಲಿ ಏನೂ ಇಲ್ಲವೆಂದು ಅವನಿಗೆ ಹೇಳಿದವರು ಯಾರು? ನಕ್ಷೆಯಲ್ಲಿ ನಿಮ್ಮ ಊರಿನ ಜಾಗ ಬೆಳ್ಳಗಿದೆ, ನಿಜ. ಆದರೆ ಬಿಳಿ ಜಾಗಕ್ಕೆ ಎರಡು ಅರ್ಥವಿದೆ. ರೋಗವಿಲ್ಲ ಎಂಬುದು ಒಂದು. ಯಾರೂ ರಕ್ತ ಪರೀಕ್ಷೆ ಮಾಡಿಸಿಲ್ಲ ಎಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಎಂದು ನಕ್ಷೆ ಹೇಳುವುದಿಲ್ಲ. ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ, ಈಗ ಕೈಯೊಳಗಿನ ಫೋನಿನಲ್ಲಿ ಮಳೆಗಾಲವಿಡೀ ಕಾಣುವ ಈ ಬಣ್ಣದ ನಕ್ಷೆಗಳನ್ನು ಓದುವುದು ಹೇಗೆಂದು ರೈತ ಕುಟುಂಬಗಳಿಗೂ ತಿಳಿದಿರುವುದು ಒಳ್ಳೆಯದು.

ಒಂದು ಜ್ವರ ಚುಕ್ಕಿಯಾಗುವ ಬಗೆ

ಜ್ವರ ಬಂದ ಕೂಡಲೇ ಅದು ಲೆಕ್ಕಕ್ಕೆ ಸೇರುವುದಿಲ್ಲ. ರೋಗಿ ವೈದ್ಯರ ಬಳಿ ಹೋಗಬೇಕು. ವೈದ್ಯರಿಗೆ ಡೆಂಗಿಯ ಅನುಮಾನ ಬರಬೇಕು. ರಕ್ತದ ಮಾದರಿ ಎಲಿಸಾ ಪರೀಕ್ಷೆಯ ಸೌಲಭ್ಯವಿರುವ ಪ್ರಯೋಗಾಲಯಕ್ಕೆ ಹೋಗಬೇಕು. ಜ್ವರದ ಮೊದಲ ನಾಲ್ಕೈದು ದಿನ ಎನ್‌ಎಸ್-1 ಎಂಬ ಪರೀಕ್ಷೆ, ಆಮೇಲೆ ಐಜಿಎಂ ಎಂಬ ಪರೀಕ್ಷೆ. ಕೆಲವೇ ನಿಮಿಷಗಳಲ್ಲಿ ಗೆರೆ ತೋರಿಸುವ ಕಾರ್ಡಿನ ಪರೀಕ್ಷೆಯನ್ನು ಸರಕಾರಿ ಲೆಕ್ಕದಲ್ಲಿ ಖಚಿತವೆಂದು ಹಿಡಿಯುವುದಿಲ್ಲ. ಫಲಿತಾಂಶ ಬಂದ ಮೇಲೆ ಅದನ್ನು ರೋಗಿಯ ವಿಳಾಸದ ಸಮೇತ ಆರೋಗ್ಯ ಇಲಾಖೆಯ ದಾಖಲೆಗೆ ಏರಿಸಬೇಕು. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಕ್ಷೇತ್ರ ಕಾರ್ಯಕರ್ತೆಗೊಂದು, ವೈದ್ಯರಿಗೊಂದು, ಪ್ರಯೋಗಾಲಯಕ್ಕೊಂದು ನಮೂನೆ ಇದೆ. ಹಿಂದೆ ಕಾಗದದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದದ್ದು 2021ರಿಂದೀಚೆಗೆ ಕಂಪ್ಯೂಟರಿನಲ್ಲಿ ದಿನದಿನವೂ ಹೋಗುವಂತಾಗಿದೆ. ಇಷ್ಟೂ ಕೊಂಡಿಗಳು ಕೂಡಿದರೆ ಒಂದು ಚುಕ್ಕಿ.

ಜಯನಗರದ ನಾಲ್ಕನೇ 'ಟಿ' ಬ್ಲಾಕಿನಲ್ಲಿ ಸರಕಾರಿ ಜನರಲ್ ಆಸ್ಪತ್ರೆ ಇದೆ. ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ ಮೂಲೆಗೊಂದು ರಕ್ತ ಪರೀಕ್ಷಾ ಕೇಂದ್ರ. ಸಂಜೆ ಮೈ ಬಿಸಿಯಾದರೆ ಮರುದಿನ ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನಕ್ಕೆ ಫಲಿತಾಂಶ ಕೈಗೆ ಸಿಗುತ್ತದೆ. ನಿಮ್ಮ ಊರಿನಲ್ಲಿಯೋ? ಮೊದಲ ದಿನ ಮೆಣಸಿನ ಕಷಾಯ, ಎರಡನೆಯ ದಿನ ಅಂಗಡಿಯ ಮಾತ್ರೆ, ಮೂರನೆಯ ದಿನ ಹೋಬಳಿಯ ಡಾಕ್ಟರ ಒಂದು ಇಂಜೆಕ್ಷನ್ನು. ಐದನೆಯ ದಿನ ಜ್ವರ ಬಿಟ್ಟರೆ 'ಮಳೆ ಜ್ವರ' ಎಂದು ಮರೆತೇಬಿಡುತ್ತೇವೆ. ಅದು ಡೆಂಗಿಯೇ ಆಗಿದ್ದರೂ ನಕ್ಷೆಗೆ ಗೊತ್ತಾಗುವ ದಾರಿಯಿಲ್ಲ.

2024ನೆಯ ಇಸವಿಯನ್ನು ನೆನಪಿಸಿಕೊಳ್ಳಿ. ಆ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ರಾಜ್ಯದಲ್ಲಿ ಖಚಿತಪಟ್ಟ ಡೆಂಗಿ ಪ್ರಕರಣಗಳು 25 ಸಾವಿರ ದಾಟಿದ್ದವು. ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಪ್ರಕರಣಗಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯೊಳಗಿನವು. ರಾಜ್ಯದ ಜನರಲ್ಲಿ ಬೆಂಗಳೂರಿನವರು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು. ಹಾಗಾದರೆ ಬೆಂಗಳೂರಿನಲ್ಲಿ ರೋಗ ಹೆಚ್ಚೋ, ಪರೀಕ್ಷೆ ಹೆಚ್ಚೋ? ಎರಡೂ ಹೌದು. ಮನೆಯ ಮೇಲೆ ಮನೆ, ಪ್ರತಿ ಮನೆಗೂ ಸಂಪು, ಎಲ್ಲೆಂದರಲ್ಲಿ ಕಟ್ಟಡದ ಕೆಲಸ, ಸೊಳ್ಳೆಗೆ ಸ್ವರ್ಗ. ಆ ವರ್ಷದ ಬೇಸಿಗೆಯಲ್ಲಿ ನೀರಿನ ಬರ ಬಂದು ಸಿಕ್ಕಸಿಕ್ಕ ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟದ್ದೂ ಉಂಟು. ಆದರೂ ಉಳಿದ ಜಿಲ್ಲೆಗಳ ಅಂಕಿಗಳನ್ನು ನೋಡುವಾಗ ಪರೀಕ್ಷೆ ಮಾಡಿಸದವರ ಪಾಲನ್ನು ಮನಸ್ಸಿನಲ್ಲಿ ಕೂಡಿಸಿಕೊಂಡೇ ನೋಡಬೇಕು.

ಕಿಟಕಿಯ ಕೆಳಗಿನ ತೊಟ್ಟಿ

ರೋಗ ಎಲ್ಲಿದೆಯೆಂದು ಗುರುತು ಹಾಕುವ ಉಪಾಯ ಹೊಸದಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಬೀದಿಯ ನಕ್ಷೆಯ ಮೇಲೆ ಗುರುತು ಮಾಡಿದ. ಗುರುತುಗಳೆಲ್ಲ ಒಂದು ಕೈಪಂಪಿನ ಸುತ್ತ ಗುಂಪುಗೂಡಿದ್ದವು.

ನಮ್ಮ ಬೆಂಗಳೂರಿನ ಕತೆ ಇನ್ನೂ ಸ್ವಾರಸ್ಯದ್ದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ಸೇನೆಯ ಕೆಲಸದ ಮೇಲೆ ಬೆಂಗಳೂರಿಗೆ ಬಂದ. ಅವನ ಬಂಗಲೆಯಲ್ಲಿ ಬೇರೆ ಬಂಗಲೆಗಳಿಗಿಂತ ಸೊಳ್ಳೆ ಕಾಟ ವಿಪರೀತ. ಏಕಿರಬಹುದೆಂದು ಹುಡುಕಿದಾಗ ಕಿಟಕಿಯ ಹೊರಗೆ ನೀರಿನ ತೊಟ್ಟಿಯೊಂದು ಸಿಕ್ಕಿತು. ಅದರ ತುಂಬ ಮಿಜಿಮಿಜಿ ಹುಳು. ತೊಟ್ಟಿಯನ್ನು ಬೋರಲು ಹಾಕಿಸಿದ, ಸೊಳ್ಳೆ ಕಡಿಮೆಯಾದವು. ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡ. 1902ರಲ್ಲಿ ನೊಬೆಲ್ ಬಹುಮಾನ ಪಡೆದ. ಬೆಂಗಳೂರಿನಲ್ಲಿ ಅವನು ಮಾಡಿದ್ದು ಸಣ್ಣ ಕೆಲಸ: ಯಾವ ಮನೆಯಲ್ಲಿ ಹೆಚ್ಚು ಎಂದು ಹೋಲಿಸಿ ನೋಡಿ, ಆ ಮನೆಯ ಹಿಂದೆ ನೀರು ಎಲ್ಲಿದೆ ಎಂದು ಹುಡುಕಿದ್ದು. ನಕ್ಷೆಯ ಕೆಲಸವೂ ಅಷ್ಟೆ.

ಚುಕ್ಕಿ ಹೇಳದ ಮಾತುಗಳು

ಚುಕ್ಕಿ ತೋರಿಸುವುದು ರೋಗಿ ಕೊಟ್ಟ ವಿಳಾಸವನ್ನು. ಸೊಳ್ಳೆ ಕಚ್ಚಿದ ಜಾಗವನ್ನಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಯ ಮುಂಚೆ. ಬನಶಂಕರಿಯಲ್ಲಿ ಮಲಗುವ ಮನುಷ್ಯ ಹಗಲೆಲ್ಲ ಇನ್ನೆಲ್ಲೋ ಕೆಲಸದಲ್ಲಿರುತ್ತಾನೆ. ಇನ್ನು ಕನಕಪುರದ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಜ್ವರ ಬಂತೆನ್ನಿ. ಜಯನಗರದಲ್ಲಿರುವ ಅಣ್ಣನ ಮನೆಗೆ ಬಂದು ಪರೀಕ್ಷೆ ಮಾಡಿಸುತ್ತಾಳೆ. ಚೀಟಿಯಲ್ಲಿ ಅಣ್ಣನ ಮನೆಯ ವಿಳಾಸ ಬರೆಸುತ್ತಾಳೆ. ಚುಕ್ಕಿ ಜಯನಗರಕ್ಕೆ ಬಿತ್ತು. ಪಾಲಿಕೆಯವರು ಜಯನಗರದ ಆ ಬೀದಿಗೆ ಹೊಗೆ ಹಾಕಿ ಹೋಗುತ್ತಾರೆ. ಹಳ್ಳಿಯ ಡ್ರಮ್ಮಿನಲ್ಲಿ ಸೊಳ್ಳೆ ನೆಮ್ಮದಿಯಾಗಿ ಮರಿ ಮಾಡುತ್ತಿರುತ್ತದೆ. ಆದ್ದರಿಂದ, ಓದುಗ ಮಿತ್ರರೇ, ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ನಿಮ್ಮ ಊರು, ಹೋಬಳಿ, ತಾಲ್ಲೂಕಿನ ಹೆಸರನ್ನೇ ಬರೆಸಿ. ಹಿಂದಿನ ಹದಿನೈದು ದಿನ ಎಲ್ಲೆಲ್ಲಿದ್ದಿರಿ ಎಂಬುದನ್ನೂ ವೈದ್ಯರಿಗೆ ಹೇಳಿ.

ಎರಡನೆಯದು, ಚುಕ್ಕಿ ಹಳೆಯದು. ರೋಗಿಯ ರಕ್ತ ಕುಡಿದ ಸೊಳ್ಳೆಯೊಳಗೆ ವಿಷಾಣು ಬಲಿತು ಇನ್ನೊಬ್ಬರಿಗೆ ದಾಟಲು ಎಂಟರಿಂದ ಹನ್ನೆರಡು ದಿನ ಬೇಕು. ಕಚ್ಚಿದ ಮೇಲೆ ಜ್ವರ ಕಾಣಲು ನಾಲ್ಕರಿಂದ ಹತ್ತು ದಿನ. ಪರೀಕ್ಷೆ, ದಾಖಲೆ ಎಂದು ಮತ್ತೆ ಕೆಲವು ದಿನ. ಇಂದು ನಕ್ಷೆಯ ಮೇಲೆ ಕೆಂಪಾದ ಬೀದಿಯಲ್ಲಿ ಸೊಳ್ಳೆ ಕಚ್ಚಿದ್ದು ಹೋದ ಮಳೆ ನಕ್ಷತ್ರದಲ್ಲಿ. ಹೊಲದಲ್ಲಿ ಎಲೆ ಹಳದಿಯಾದ ಮೇಲೆ ಬೇರು ಕೊಳೆತದ್ದು ಗೊತ್ತಾದ ಹಾಗೆ. ಈ ತಡವನ್ನು ತುಂಬಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ವಿಭಾಗದವರು ರಾಜ್ಯದ ಆರೋಗ್ಯ ಇಲಾಖೆಯೊಡನೆ ಸೇರಿ, ಹಿಂದಿನ ಪ್ರಕರಣಗಳನ್ನೂ ಮಳೆ, ಉಷ್ಣಾಂಶಗಳನ್ನೂ ಇಟ್ಟುಕೊಂಡು ಮುಂದೆ ಎಲ್ಲಿ ಏರಬಹುದೆಂದು ಮುನ್ಸೂಚನೆ ಕೊಡುವ ಕೆಲಸ ನಡೆಸಿದ್ದಾರೆ. ಹವಾಮಾನ ಮುನ್ಸೂಚನೆಯಂತೆ ಇದೂ ಒಂದು ಅಂದಾಜು.

ಬಣ್ಣವೂ ಮೋಸ ಮಾಡುತ್ತದೆ. ಒಂದು ತಾಲ್ಲೂಕಿಗೆಲ್ಲ ಒಂದೇ ಬಣ್ಣ ಬಳಿದರೆ ಇಪ್ಪತ್ತು ಪ್ರಕರಣವಿರುವ ಒಂದೇ ಹಳ್ಳಿ ಅದರೊಳಗೆ ಮುಳುಗಿಹೋಗುತ್ತದೆ. ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರಿನೊಳಗೇ ಸುತ್ತಾಡುತ್ತದೆ. ಅದರ ಲೋಕ ಒಂದು ಕೇರಿ. ಇದನ್ನರಿತೇ ಸರಕಾರ 2024ರಲ್ಲಿ ನೂರು ಮೀಟರಿನೊಳಗೆ ಎರಡು ಪ್ರಕರಣ ಕಂಡರೆ ಆ ಜಾಗವನ್ನು 'ಹಾಟ್‌ಸ್ಪಾಟ್' ಎಂದು ಗುರುತಿಸಲು ಹೇಳಿತು. ನಕ್ಷೆ ನೋಡುವಾಗ ಒಟ್ಟು ಎಷ್ಟು ಎಂದಷ್ಟೇ ನೋಡದೆ, ಸಾವಿರ ಜನಕ್ಕೆ ಎಷ್ಟು ಎಂದು ಕೇಳಿ. ಎಕರೆ ಲೆಕ್ಕ ಬಿಟ್ಟು ಬರಿ ಮೂಟೆ ಲೆಕ್ಕ ಹೇಳಿದರೆ ಯಾರ ಬೆಳೆ ಚೆನ್ನಾಗಿದೆ ಎಂದು ಹೇಗೆ ಗೊತ್ತಾಗಬೇಕು?

ಇನ್ನು ಹೆಸರಿನ ಗೊಂದಲವೊಂದಿದೆ. 'ಬೆಂಗಳೂರು ದಕ್ಷಿಣ' ಎಂದರೆ ಜಯನಗರ, ಬಸವನಗುಡಿಗಳ ಕಡೆ ಎಂದೇ ನಾವೆಲ್ಲ ತಿಳಿದವರು. 2025ರಲ್ಲಿ ರಾಮನಗರ ಜಿಲ್ಲೆಗೆ ಆ ಹೆಸರು ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಅವುಗಳಲ್ಲೊಂದು ಬೆಂಗಳೂರು ದಕ್ಷಿಣ. ಅದೇ ಹೆಸರಿನ ತಾಲ್ಲೂಕು, ಲೋಕಸಭಾ ಕ್ಷೇತ್ರ ಮೊದಲೇ ಇದ್ದವು. ಆದ್ದರಿಂದ ಪಟ್ಟಿಯಲ್ಲಿ 'ಬೆಂಗಳೂರು ದಕ್ಷಿಣ - ಇಷ್ಟು' ಎಂದು ಕಂಡರೆ ಅದು ಬಿಟಿಎಂ ಲೇಔಟಿನ ಲೆಕ್ಕವೋ, ಮಾಗಡಿ, ಚನ್ನಪಟ್ಟಣದ ರೇಷ್ಮೆ ಹಳ್ಳಿಗಳ ಲೆಕ್ಕವೋ ನೋಡಿಕೊಳ್ಳಿ. ವಾರ್ಡುಗಳ ಕತೆಯೂ ಹೀಗೆಯೇ. 198 ಇದ್ದದ್ದು 2023ರಲ್ಲಿ 225 ಆಯಿತು. ಐದು ಪಾಲಿಕೆಗಳಾದ ಮೇಲೆ ಗಡಿಗಳನ್ನು ಮತ್ತೆ ಎಳೆದರು. ಹಿಂದಿನ ವರ್ಷದ ನಕ್ಷೆಗೂ ಈ ವರ್ಷದ ನಕ್ಷೆಗೂ ಹೋಲಿಕೆ ಮಾಡುವುದೆಂದರೆ, ಹಿಸ್ಸೆಯಾದ ಜಮೀನಿನ ಪಹಣಿಯನ್ನು ಹಳೆಯ ಪಹಣಿಯ ಜೊತೆ ತಾಳೆ ನೋಡಿದಂತೆ.

ಮಂಗಳೂರಿನಲ್ಲಿ ಆದದ್ದು

ಹಾಗಾದರೆ ನಕ್ಷೆ ಬೇಡವೇ ಎಂದರೆ, ಬೇಕು. ಚೆನ್ನಾಗಿ ಬಳಸಿದರೆ ಏನಾಗುತ್ತದೆಂಬುದಕ್ಕೆ ಮಂಗಳೂರು ಸಾಕ್ಷಿ. ಆ ನಗರ ಬಹುಕಾಲ ಮಲೇರಿಯಾದಿಂದ ನರಳಿತು. 2015ರ ಅಕ್ಟೋಬರಿನಲ್ಲಿ ಅಲ್ಲಿನ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಯಂತ್ರಗಳನ್ನು ಕೊಟ್ಟು ಹೊಸ ಪದ್ಧತಿ ಆರಂಭಿಸಿದರು. ಸರಕಾರಿ ಆಸ್ಪತ್ರೆಯಿರಲಿ, ಖಾಸಗಿ ಪ್ರಯೋಗಾಲಯವಿರಲಿ, ಮಲೇರಿಯಾ ಕಂಡ ಕೂಡಲೇ ಸುದ್ದಿ ಆ ವಾರ್ಡಿನ ಕಾರ್ಯಕರ್ತನಿಗೆ ಹೋಗುತ್ತದೆ. ಅವನು ಮನೆ ಹುಡುಕಿಕೊಂಡು ಹೋಗಿ ಜಾಗವನ್ನು ನಕ್ಷೆಗೆ ಏರಿಸಿ, ರೋಗಿ ಔಷಧ ಪೂರ್ತಿ ನುಂಗಿದನೇ ಎಂದು ವಿಚಾರಿಸಿ, ಸುತ್ತಲ ನೀರಿನ ತಾಣಗಳನ್ನು ಪರೀಕ್ಷಿಸಿ, ಕೆಲಸ ಮುಗಿಯಿತೆಂದು ದಾಖಲಿಸಬೇಕು. ಐದು ವರ್ಷಗಳಲ್ಲಿ ಮಲೇರಿಯಾ ಪ್ರಕರಣಗಳು ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇಳಿದವೆಂದು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಚುಕ್ಕಿ ಬಿದ್ದ ಮನೆಗೆ ಒಬ್ಬ ಮನುಷ್ಯ ನಡೆದು ಹೋದದ್ದು ಇಲ್ಲಿ ಮುಖ್ಯ. ನಡೆಯುವವನಿಲ್ಲದ ನಕ್ಷೆ ಗೋಡೆಯ ಕ್ಯಾಲೆಂಡರು.

ನಿಮ್ಮ ಊರಿನ ನಕ್ಷೆ ನೀವೇ ಬರೆಯಿರಿ

ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ನೋಡಿದರೆ ಹೊಲಗಳ ಸರ್ವೆ ನಂಬರು ಒಂದೂ ಬಿಡದೆ ಇರುತ್ತದೆ. ಜನ ವಾಸಿಸುವ ಗ್ರಾಮಠಾಣ ಮಾತ್ರ ನಡುವೆ ಒಂದು ಖಾಲಿ ತೇಪೆ. ರೋಗದ ನಕ್ಷೆ ಬೇಕಾದದ್ದು ಆ ತೇಪೆಯೊಳಗೆ. ಶಾಲೆಯ ಮಕ್ಕಳಿಂದ ದೊಡ್ಡ ಹಾಳೆಯ ಮೇಲೆ ಬೀದಿ, ಮನೆ, ಬಾವಿ, ನೀರಿನ ಟ್ಯಾಂಕು, ದನದ ತೊಟ್ಟಿಗಳನ್ನು ಬರೆಸಿ. ಜ್ವರ ಬಂದ ಮನೆಗೆ ಕೆಂಪು ಚುಕ್ಕಿ, ಪಕ್ಕದಲ್ಲಿ ತಾರೀಖು. ಸೊಳ್ಳೆ ಹುಳು ಕಂಡ ಮನೆಗೆ ನೀಲಿ ಚುಕ್ಕಿ. ರೋಗಿಯ ಹೆಸರು ಬೇಡ, ಮನೆ ಸಾಕು. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಸೇರಿಸಿಕೊಳ್ಳಿ. ಜ್ವರದ ಸುದ್ದಿ ಅವರಿಗೆ ಮೊದಲು ತಿಳಿದಿರುತ್ತದೆ. ಒಂದೇ ಕೇರಿಯಲ್ಲಿ ವಾರದೊಳಗೆ ಎರಡು ಮೂರು ಕೆಂಪು ಚುಕ್ಕಿ ಬಿದ್ದರೆ, ಹಾಳೆಯನ್ನು ಮಡಿಚಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. "ನಮ್ಮೂರಲ್ಲಿ ಜ್ವರ ಜಾಸ್ತಿ" ಎಂಬ ಬಾಯಿಮಾತಿಗಿಂತ ಆ ಹಾಳೆಗೆ ಬೆಲೆ ಹೆಚ್ಚು.

ಲೆಕ್ಕ ಸುಲಭ. ಅರುವತ್ತು ಮನೆ ನೋಡಿದಿರಿ, ಒಂಬತ್ತರಲ್ಲಿ ಹುಳು ಸಿಕ್ಕಿತು ಎಂದಿಟ್ಟುಕೊಳ್ಳಿ. ನೂರಕ್ಕೆ ಹದಿನೈದು ಮನೆ. ಇದಕ್ಕೆ ಇಲಾಖೆಯವರು ಮನೆ ಸೂಚ್ಯಂಕ ಎನ್ನುತ್ತಾರೆ. ಒಂದು ಮನೆಯಲ್ಲೇ ಮೂರು ಪಾತ್ರೆಗಳಲ್ಲಿ ಹುಳುವಿರಬಹುದು. ಹುಳುವಿರುವ ಪಾತ್ರೆಗಳನ್ನು ಎಣಿಸಿ ನೂರು ಮನೆಗೆ ಎಷ್ಟು ಎಂದು ಹಾಕಿದರೆ ಬ್ರೆಟೋ ಸೂಚ್ಯಂಕ. ಹದಿನೈದು ದಿನ ಬಿಟ್ಟು ಮತ್ತೆ ಎಣಿಸಿ. ಅಂಕಿ ಇಳಿದಿದೆಯೋ ಏರಿದೆಯೋ ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ, ಯಾರ ವರದಿಗೂ ಕಾಯಬೇಕಿಲ್ಲ.

ಎಲ್ಲಿ ನೋಡಬೇಕು? ಜಯನಗರದವನು ಸಂಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ನೋಡುತ್ತಾನೆ. ನಾವು ನೋಡಬೇಕಾದದ್ದು ಬೇರೆ. ಮೂಲೆಗೆ ಸರಿಸಿದ ಒರಳುಕಲ್ಲು. ಔಷಧಿ ಸಿಂಪರಣೆಗೆಂದು ತುಂಬಿಸಿ ಮರೆತ ಡ್ರಮ್ಮು. ತೋಟದಲ್ಲಿ ಬಿದ್ದ ತೆಂಗಿನ ಚಿಪ್ಪು, ಅಡಿಕೆ ಹಾಳೆ. ಮೇವಿನ ಬಣವೆಗೆ ಹೊದಿಸಿದ ತಾಡಪಾಲಿನ ಮಡಿಕೆ. ರಸಮೇವಿನ ಗುಂಡಿಯ ಮೇಲೆ ಭಾರಕ್ಕೆ ಹೇರಿದ ಹಳೆಯ ಟೈರುಗಳು; ಇವನ್ನು ತೂತು ಹೊಡೆದು ಹೇರಿದರೆ ನೀರು ನಿಲ್ಲುವುದಿಲ್ಲ. ರೇಷ್ಮೆ ಸಾಕುವವರ ಮನೆಯಲ್ಲಿ ಇನ್ನೊಂದು ತಾಣವುಂಟು: ಹುಳುವಿನ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ಕಾಲುಗಳ ಕೆಳಗೆ ಇಡುವ ನೀರಿನ ಬಟ್ಟಲು. ಒಂದು ಸಾಕಣೆ ಮನೆಯಲ್ಲಿ ಇಂಥವು ಹತ್ತಾರು. ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ, ಬಟ್ಟಲನ್ನು ಒರೆಸಿ ಮತ್ತೆ ತುಂಬಿ. ಹಾಗೆಯೇ ಪಂಚಾಯಿತಿಯವರು ಊರಿಗೆ ಹೊಗೆ ಹಾಕಲು ಬಂದರೆ ಸಾಕಣೆ ಮನೆ, ಹಿಪ್ಪುನೇರಳೆ ತೋಟ ಎಲ್ಲಿದೆಯೆಂದು ಮೊದಲೇ ತೋರಿಸಿ. ಸೊಳ್ಳೆ ಕೊಲ್ಲುವ ಔಷಧ ರೇಷ್ಮೆ ಹುಳುವನ್ನೂ ಬಿಡುವುದಿಲ್ಲ. ಹೊಗೆಯಿಂದ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರಿನೊಳಗಿನ ಹುಳು ಹಾಗೇ ಉಳಿದು ವಾರದೊಳಗೆ ರೆಕ್ಕೆ ಕಟ್ಟಿಕೊಂಡು ಬರುತ್ತದೆ. ಹೊಗೆ ಹಾಕಿಸಿದ ಫೋಟೋ ಪತ್ರಿಕೆಯಲ್ಲಿ ಚೆನ್ನಾಗಿ ಬರುತ್ತದೆ ಎಂಬುದಂತೂ ನಿಜ.

ಚೆಲ್ಲಲಾಗದ ನೀರಿಗೆ ಮೀನು ಬಿಡಬಹುದು. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲ ಹಳ್ಳಿಗಳಲ್ಲಿ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯವರು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಮಲೇರಿಯಾ ಇಳಿಸಿದ್ದು 2005ರಲ್ಲಿ ಪ್ರಕಟವಾಗಿದೆ. ಮನೆಯ ಸಿಮೆಂಟು ತೊಟ್ಟಿಗೂ ಈ ಮೀನು ಒಗ್ಗುತ್ತದೆ. ಕೆರೆ, ಹಳ್ಳಕ್ಕೆ ಮಾತ್ರ ಬಿಡಬೇಡಿ. ನಾಡ ಮೀನಿನ ಮರಿಗಳಿಗೆ ಕಂಟಕ.

ಹಳ್ಳಿಗೆ ಈ ರೋಗಗಳು ಬಾರವು ಎನ್ನುವವರು 2006ನ್ನು ಮರೆತಿದ್ದಾರೆ. ಆ ವರ್ಷ ಚಿಕೂನ್‌ಗುನ್ಯಾ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ದೇಶಕ್ಕೆ ಮರಳಿ, ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಜನರಿಗೆ ಬಂದ ಅನುಮಾನ ದಾಖಲಾಯಿತು. ಬಿತ್ತನೆಯ ಕಾಲದಲ್ಲಿ ಮನೆಮಂದಿಯೆಲ್ಲ ಕೀಲು ಹಿಡಿದು ಮಲಗಿದ ಊರುಗಳಿದ್ದವು. 'ಚಿಕನ್' ಗುನ್ಯವೆಂದು ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು. ಪಾಪ, ಕೋಳಿಯದೇನೂ ತಪ್ಪಿರಲಿಲ್ಲ, ತಪ್ಪು ಹಿತ್ತಲಿನ ತೊಟ್ಟಿಯದು. ಅದೂ ಇದೇ ಈಡಿಸ್ ಸೊಳ್ಳೆಯ ಕೆಲಸ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವಿಷಾಣು ಕಂಡಿತು. ಅಲ್ಲಿ ಸೊಳ್ಳೆ ಹಿಡಿದು ಪರೀಕ್ಷಿಸಿದ್ದರಿಂದ ಗೊತ್ತಾಯಿತು.

ಮಗ ಜ್ವರ ತಂದರೆ

ಈಗ ಬಿಟಿಎಂ ಲೇಔಟಿನ ಮಗನ ವಿಚಾರಕ್ಕೆ ಬರೋಣ. ಬರಬೇಡವೆನ್ನಬೇಕಿಲ್ಲ. ಆದರೆ ಡೆಂಗಿಯಾದವನ ರಕ್ತದಲ್ಲಿ ಜ್ವರ ಕಾಣುವ ಒಂದೆರಡು ದಿನ ಮೊದಲಿನಿಂದಲೇ ವಿಷಾಣುವಿರುತ್ತದೆ. ಊರಿಗೆ ಬಂದ ಮೇಲೆ ಮೈ ಬಿಸಿಯಾದರೆ ಹಗಲಿನಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ನಿಮ್ಮ ಹಿತ್ತಲಿನ ಸೊಳ್ಳೆ ಅವನನ್ನು ಕಚ್ಚಿದರೆ ಎರಡು ಮೂರು ವಾರಗಳಲ್ಲಿ ನಿಮ್ಮ ಕೇರಿಯಲ್ಲಿ ಹೊಸ ಚುಕ್ಕಿಗಳು ಏಳಬಹುದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಹೇಳಿದ ಪ್ರಮಾಣದಲ್ಲಿ. ಮೈಕೈ ನೋವೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಗಂಜಿ, ಎಳನೀರು, ಮಜ್ಜಿಗೆ ಮೇಲಿಂದ ಮೇಲೆ ಕೊಡಿ. ಜ್ವರ ಇಳಿಯಿತೆಂದು ಸಮಾಧಾನಪಡುವ ದಿನವೇ ಅಪಾಯದ ದಿನ ಎಂಬುದನ್ನು ಗಂಟು ಹಾಕಿಕೊಳ್ಳಿ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತಿದ್ದಂತೆ ಹೊಟ್ಟೆ ನೋವು, ಬಿಡದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ತಣ್ಣಗಾಗುವ ಕೈಕಾಲು, ಮಂಕು ಕಂಡರೆ ಬಸ್ಸಿಗೆ ಕಾಯದೆ ಸಿಕ್ಕಿದ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಸಂದೇಹ ಕೇಳಲು 104 ಆರೋಗ್ಯ ಸಹಾಯವಾಣಿ ಇದೆ. ಖಾಸಗಿಯವರಲ್ಲಿ ಎನ್‌ಎಸ್-1, ಐಜಿಎಂ ಎಲಿಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿ ಮೀರಬಾರದೆಂದು ಸರಕಾರ 2024ರಲ್ಲಿ ದರ ಕಟ್ಟಿತ್ತು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಉಚಿತ.

ಕೊನೆಗೆ ಡ್ರಮ್ಮಿನ ವಿಚಾರ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನೊಳಗಲ್ಲ, ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಡ್ರಮ್ಮು ಬರಿದಾಗಿ ಬೇಸಿಗೆಯೆಲ್ಲ ಒಣಗಿ ಬಿದ್ದಿದ್ದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮುಂದಿನ ಮಳೆಗೆ ನೀರು ಮುಟ್ಟಿದ ಕೂಡಲೇ ಒಡೆಯುತ್ತವೆ. ನೀರು ಚೆಲ್ಲಿದರೆ ಸಾಲದು. ಭರಣಿ ಮಳೆಗೆ ಮುಂಚೆ ಒಮ್ಮೆ, ಆಮೇಲೆ ಹಸ್ತ ಮಳೆ ಮುಗಿಯುವವರೆಗೆ ವಾರಕ್ಕೊಮ್ಮೆ, ತೆಂಗಿನ ನಾರಿನಿಂದ ಒಳಗೋಡೆಯನ್ನು ಬಾಯಿಯವರೆಗೂ ಒರಟಾಗಿ ಉಜ್ಜಿ ತೊಳೆದು, ಬಟ್ಟೆ ಕಟ್ಟಿ ಮುಚ್ಚಿಡಿ.